ರೊಟ್ಟಿಯಂತೆ ಪೇರಿಸಿದ ಅಣುಗಳು

1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ರೈನಿಟ್ಜರ್ ಕಾಯಿಸಿದ ವಸ್ತುವೊಂದು ಎರಡು ಸಲ ಕರಗಿದಂತೆ ಕಂಡಿತು. 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಬ್ಬು ದ್ರವವಾಯಿತು, 178.5 ಡಿಗ್ರಿಯಲ್ಲಿ ತಿಳಿಯಾಯಿತು. ಆ ಮಬ್ಬು ದ್ರವವೇ ದ್ರವಸ್ಫಟಿಕ. ಅದು ಹರಿಯುತ್ತದೆ, ಆದರೂ ಅದರ ಅಣುಗಳು ಹರಳಿನ ಶಿಸ್ತನ್ನು ಪೂರ್ತಿ ಬಿಟ್ಟಿರುವುದಿಲ್ಲ.

ಈ ಶಿಸ್ತನ್ನು ಕಣ್ಣಿಗೆ ತೋರಿಸುವುದು ಧ್ರುವೀಕರಣ ಸೂಕ್ಷ್ಮದರ್ಶಕ. ಬೆಳಕಿನ ಕಂಪನವನ್ನು ಒಂದೇ ದಿಕ್ಕಿನಲ್ಲಿ ಬಿಡುವ ಎರಡು ಫಲಕಗಳನ್ನು ಅದರಲ್ಲಿ ಪರಸ್ಪರ ಅಡ್ಡವಾಗಿ ಇಡುತ್ತಾರೆ. ನಡುವೆ ನೀರಿದ್ದರೆ ಬರೀ ಕತ್ತಲೆ; ದ್ರವಸ್ಫಟಿಕವಿದ್ದರೆ ಬಣ್ಣದ ಚಿತ್ತಾರ. ನೆಮ್ಯಾಟಿಕ್ ಹಂತದಲ್ಲಿ ದಾರದೆಳೆಗಳು, ಸ್ಮೆಕ್ಟಿಕ್ ಹಂತದಲ್ಲಿ ಬೀಸಣಿಗೆಗಳು ಮೂಡುತ್ತವೆ. ಇಂಥ ಚಿತ್ತಾರಗಳನ್ನು ಓದಿಯೇ ಫ್ರಾನ್ಸಿನ ಫ್ರೀಡೆಲ್ 1922ರಲ್ಲಿ ಈ ಹಂತಗಳಿಗೆ ಹೆಸರಿಟ್ಟರು.

ದ್ರವಸ್ಫಟಿಕವಾಗಲು ಅಣು ಕಡ್ಡಿಯಂತೆ ಉದ್ದವಾಗಿರಬೇಕೆಂಬುದು ಬಹುಕಾಲದ ಸಾಮಾನ್ಯ ನಂಬಿಕೆ. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅದು ಸಡಿಲವಾಯಿತು. ಬೆಂಜೀನ್ ಉಂಗುರದ ಸುತ್ತ ಆರು ಉದ್ದ ಸರಪಳಿಗಳಿರುವ, ಬಿಲ್ಲೆಯಂಥ ಅಣುಗಳನ್ನು ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಪರೀಕ್ಷಿಸಿದರು. ಅವೂ ದ್ರವಸ್ಫಟಿಕಗಳೇ! ಸೂಕ್ಷ್ಮದರ್ಶಕದ ಸಾಕ್ಷ್ಯದ ಜೊತೆಗೆ ಎಕ್ಸ್‌ಕಿರಣಗಳು ಒಳರಚನೆಯನ್ನೂ ತಿಳಿಸಿದವು. ಕಲಬುರಗಿ ಸೀಮೆಯ ಮನೆಗಳಲ್ಲಿ ಜೋಳದ ರೊಟ್ಟಿ ಪೇರಿಸಿಡುವಂತೆ ಅಣುಗಳು ಒಂದರ ಮೇಲೊಂದು ಕೂತು ಕಂಬಗಳಾಗಿದ್ದವು. ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ವಿಜ್ಞಾನಪತ್ರಿಕೆ ಇದನ್ನು ಪ್ರಕಟಿಸಿತು.

ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಕಾಯುವ ಪೊರೆಗಳಲ್ಲಿ ಮುಂದೆ ಇಂಥ ಬಿಲ್ಲೆ ಅಣುಗಳೇ ಬಳಕೆಗೆ ಬಂದವು.