ನಾಲೆಯ ಬಯಲಿಗೆ ಬಂದ ಶೀತಲ ಸಮರ

‘ಹಸಿರು ಕ್ರಾಂತಿ’ ಎಂಬ ಮಾತನ್ನು ಶಾಲಾ ಪುಸ್ತಕದಿಂದ ಮಂತ್ರಿಗಳ ಭಾಷಣದವರೆಗೆ ನಾವು ಎಷ್ಟು ಸಲ ಕೇಳಿದ್ದೇವೆಂದರೆ, ಹಸಿರೆಂದರೆ ಪೈರಿನ ಬಣ್ಣವಲ್ಲದೆ ಮತ್ತೇನೆಂಬ ಸಂದೇಹವೇ ಯಾರಿಗೂ ಹುಟ್ಟುವುದಿಲ್ಲ. ಈ ಮಾತು ಹುಟ್ಟಿದ್ದು 1968ರ ಮಾರ್ಚ್ 8ರಂದು, ವಾಷಿಂಗ್ಟನ್ನಿನಲ್ಲಿ, ಅಮೆರಿಕದ ವಿದೇಶೀ ನೆರವಿನ ಇಲಾಖೆಯ ಮುಖ್ಯಸ್ಥ ವಿಲಿಯಂ ಗಾಡ್ ಮಾಡಿದ ಭಾಷಣದಲ್ಲಿ. ಇದು ಸೋವಿಯತ್ತರದಂಥ ಕೆಂಪು ಕ್ರಾಂತಿಯಲ್ಲ, ಇರಾನಿನ ಷಾ ದೊರೆಯದಂಥ ಬಿಳಿ ಕ್ರಾಂತಿಯೂ ಅಲ್ಲ, ಹಸಿರು ಕ್ರಾಂತಿಯೆಂದು ಕರೆಯೋಣ ಎಂಬುದು ಆತನ ಮಾತಿನ ಸಾರ. ಹಸಿರು ಕೆಂಪಿಗೆದುರು ಹಿಡಿದ ಬಾವುಟವಾಗಿತ್ತು.

ಎರಡನೆಯ ಮಹಾಯುದ್ಧ ಮುಗಿದಾಗಿನಿಂದ 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದುಹೋಗುವವರೆಗೆ ಅಮೆರಿಕ ರಷ್ಯಗಳ ನಡುವೆ ನಡೆದ ಹಗೆತನಕ್ಕೆ ಶೀತಲ ಸಮರವೆಂದು ಹೆಸರು. ಬರ್ಲಿನ್ನಿನ ಗೋಡೆ, ಕ್ಯೂಬಾದ ಕ್ಷಿಪಣಿ, ಚಂದ್ರಲೋಕದ ಪಂದ್ಯ ಇವೆಲ್ಲ ವಾಚಕರಿಗೆ ತಿಳಿದ ಸಂಗತಿಗಳೇ. ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ಆ ಸಮರ ಬಂದದ್ದು ಬಿತ್ತನೆಯ ಚೀಲದಲ್ಲಿ.

1949ರಲ್ಲಿ ಚೀನಾ ಕಮ್ಯೂನಿಸ್ಟರ ವಶವಾಯಿತು. ನಮ್ಮ ನೆರೆಯ ತೆಲಂಗಾಣದಲ್ಲಿ 1946ರಿಂದ 1951ರವರೆಗೆ ರೈತರ ಸಶಸ್ತ್ರ ಹೋರಾಟ ನಡೆದಿತ್ತು. ಹಸಿದ ರೈತ ಇಂದಲ್ಲ ನಾಳೆ ಕೆಂಪು ಬಾವುಟ ಹಿಡಿದಾನೆಂಬ ಅಂಜಿಕೆ ಅಮೆರಿಕದವರಲ್ಲಿ ಬೇರೂರಿತು. ಹಸಿವಿಗೆ ಎರಡು ಮದ್ದುಗಳಿದ್ದವು. ಉಳುವವನಿಗೆ ಭೂಮಿ ಹಂಚುವುದೊಂದು. ಇದ್ದ ಭೂಮಿಯಲ್ಲೇ ಇಳುವರಿ ಹೆಚ್ಚಿಸುವುದಿನ್ನೊಂದು. ಮೊದಲನೆಯದಕ್ಕೆ ಭೂಮಿಯುಳ್ಳವರನ್ನು ಎದುರುಹಾಕಿಕೊಳ್ಳಬೇಕಿತ್ತು. ಎರಡನೆಯದರಲ್ಲಿ ಯಾರ ಮನಸ್ಸೂ ನೋಯುವಂತಿರಲಿಲ್ಲ.

ರಷ್ಯವೂ ಸುಮ್ಮನಿರಲಿಲ್ಲ. ಬುಲ್ಗಾನಿನ್, ಕ್ರುಶ್ಚೇವ್ ಇಬ್ಬರೂ 1955ರ ಕೊನೆಯಲ್ಲಿ ಭಾರತವನ್ನು ಸುತ್ತಿಹೋದ ಮೇಲೆ ಸೋವಿಯತ್ ಯಂತ್ರಗಳು ಉಡುಗೊರೆಯಾಗಿ ಬಂದವು; 1956ರಲ್ಲಿ ರಾಜಸ್ಥಾನದ ಸೂರತ್‌ಗಢದಲ್ಲಿ ಸಾವಿರಾರು ಎಕರೆಯ ಸರ್ಕಾರೀ ಫಾರಂ ಎದ್ದಿತು. ಅಂಥ ಯಂತ್ರಗಳು ನಮ್ಮ ಕಡೆಯ ಎರಡೆಕರೆ ಗದ್ದೆಯಲ್ಲಿ ತಿರುಗುವುದಾದರೂ ಎಲ್ಲಿ? ಇನ್ನು ತಳಿಶಾಸ್ತ್ರದಲ್ಲಿ ರಷ್ಯ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಿತ್ತು. ಲೋಕವೆಲ್ಲ ಅಲೆದು ಬೀಜ ಕೂಡಿಸಿದ ನಿಕೊಲಾಯ್ ವಾವಿಲೋವ್ 1943ರಲ್ಲಿ ಸ್ಟಾಲಿನ್ನನ ಸೆರೆಮನೆಯಲ್ಲಿ ಸತ್ತ. ಅವನ ವಿರೋಧಿ ಲೈಸೆಂಕೊ ಬಹುಕಾಲ ಅಲ್ಲಿನ ಕೃಷಿವಿಜ್ಞಾನವನ್ನು ಆಳಿದ. ಬೀಜದ ಪಂದ್ಯದಲ್ಲಿ ಅಮೆರಿಕಕ್ಕೆ ಎದುರಾಳಿಯೇ ಇರಲಿಲ್ಲವೆನ್ನಬೇಕು.

1959ರಲ್ಲಿ ಅಮೆರಿಕದ ಫೋರ್ಡ್ ಪ್ರತಿಷ್ಠಾನದ ತಜ್ಞರು ಭಾರತದ ಆಹಾರದ ಮುಗ್ಗಟ್ಟನ್ನು ಕುರಿತು ವರದಿಯೊಪ್ಪಿಸಿದರು. ಅದರ ಬೆನ್ನಿಗೆ ಬಂದದ್ದು ‘ಪ್ಯಾಕೇಜ್ ಯೋಜನೆ’. ಬೀಜ, ಗೊಬ್ಬರ, ಸಾಲ, ಸಲಹೆಗಳನ್ನು ದೇಶಕ್ಕೆಲ್ಲ ಚಿಮುಕಿಸುವ ಬದಲು ನೀರಿನ ಭರವಸೆಯಿರುವ ಕೆಲವೇ ಜಿಲ್ಲೆಗಳಿಗೆ ಒಟ್ಟಿಗೆ ಒದಗಿಸಬೇಕೆಂಬುದು ಅದರ ಸೂತ್ರ. ಮೊದಲ ಏಳು ಜಿಲ್ಲೆಗಳಲ್ಲಿ ತಂಜಾವೂರು, ಪಶ್ಚಿಮ ಗೋದಾವರಿ, ಲೂಧಿಯಾನಗಳಿದ್ದವು. ಎರಡನೆಯ ಕಂತಿನಲ್ಲಿ, 1962ರ ಸುಮಾರಿಗೆ, ಆಗಿನ ಮೈಸೂರು ರಾಜ್ಯದಿಂದ ಸೇರಿದ್ದು ಮಂಡ್ಯ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹುಲಿಕೆರೆಯ ಸುರಂಗ ದಾಟಿ ಈ ಮೂರೂ ತಾಲ್ಲೂಕುಗಳಿಗೆ ಹರಿಯತೊಡಗಿ ಆಗಲೇ ಮೂವತ್ತು ವರ್ಷವಾಗಿತ್ತು. 1933ರಲ್ಲಿ ಸಕ್ಕರೆ ಕಂಪನಿ ಬಂದಿತ್ತು. ಭತ್ತ, ಕಬ್ಬುಗಳ ಪ್ರಯೋಗಕ್ಕೆ ವಿ.ಸಿ. ಫಾರಂ ಇತ್ತು. 1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದಕ್ಕೂ ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾನಿಲಯದ ಸಹಕಾರ ದೊರಕಿತು.

ಬೀಜದ ಕಥೆಯೇ ಸ್ವಾರಸ್ಯದ್ದು. ಫೋರ್ಡ್, ರಾಕ್‌ಫೆಲರ್ ಪ್ರತಿಷ್ಠಾನಗಳೆರಡೂ ಸೇರಿ 1960ರಲ್ಲಿ ಫಿಲಿಪೀನ್ಸಿನಲ್ಲಿ ಭತ್ತದ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಿದವು. ಇಂಡೋನೇಷ್ಯದ ಎತ್ತರದ ತಳಿಗೆ ತೈವಾನಿನ ಗಿಡ್ಡ ತಳಿಯನ್ನು ಕೂಡಿಸಿ ಪಡೆದ ಐ.ಆರ್. 8 ಎಂಬ ಭತ್ತ 1966ರ ನವೆಂಬರಿನಲ್ಲಿ ಅಲ್ಲಿಂದ ಹೊರಬಿತ್ತು. ನಮ್ಮ ರತ್ನಚೂಡಿ, ರಾಜಭೋಗಗಳಂಥ ಹಳೆಯ ಭತ್ತಗಳಿಗೆ ಗೊಬ್ಬರ ಹೆಚ್ಚಾದರೆ ಪೈರು ಉದ್ದ ಬೆಳೆದು ನೆಲಕ್ಕೊರಗುತ್ತದೆ. ಗಿಡ್ಡ ಪೈರು ಒರಗದು. ತಿಂದದ್ದನ್ನು ತೆನೆಗೆ ಒಪ್ಪಿಸುತ್ತದೆ. ಗುಟ್ಟು ಇಷ್ಟೆ. ಆದರೆ ಅಕ್ಕಿ ದಪ್ಪ, ಅನ್ನಕ್ಕೆ ರುಚಿಯಿಲ್ಲ, ಹುಲ್ಲು ದನಕ್ಕೆ ಸಾಲದು, ರೋಗವೂ ಬೇಗ. 1968ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ‘ಜಯಾ’ ಎಂಬ ತಳಿಯನ್ನು ಕೊಟ್ಟ ಮೇಲೆಯೇ ಗಿಡ್ಡ ಭತ್ತ ನಾಲೆಯ ಬಯಲಿನಲ್ಲಿ ನೆಲೆನಿಂತಿತು. ಇದೇ ಐ.ಆರ್. 8ನ್ನು ಅಮೆರಿಕದವರು ಯುದ್ಧ ಉರಿಯುತ್ತಿದ್ದ ದಕ್ಷಿಣ ವಿಯೆಟ್ನಾಮಿನಲ್ಲೂ ಹಂಚಿದರು. ಒಂದು ಬೆಳೆ ಕೈಗೆ ಬಂದರೆ ಹೋಂಡಾ ಮೋಟಾರ್‌ಸೈಕಲ್ ಕೊಳ್ಳಬಹುದೆಂದು ಅಲ್ಲಿಯ ರೈತರು ಅದನ್ನು ‘ಹೋಂಡಾ ಭತ್ತ’ವೆಂದೇ ಕರೆದರಂತೆ!

ಈ ಅವಸರದ ಹಿಂದೆ ಅವಮಾನವೂ ಇತ್ತು. 1965, 1966 ಎರಡೂ ಬರಗಾಲದ ವರ್ಷಗಳು. ಪಿ.ಎಲ್. 480 ಎಂಬ ಕಾನೂನಿನನ್ವಯ ಬರುತ್ತಿದ್ದ ಅಮೆರಿಕದ ಗೋಧಿಯನ್ನು ಅಧ್ಯಕ್ಷ ಜಾನ್ಸನ್ ತಿಂಗಳ ಲೆಕ್ಕದಲ್ಲಿ ಬಿಗಿಹಿಡಿದು ಬಿಡುತ್ತಿದ್ದ. ಭಾರತ ತನ್ನ ಕೃಷಿನೀತಿಯನ್ನು ಬದಲಿಸಬೇಕೆಂಬುದು ಒಂದು ಒತ್ತಡ. ವಿಯೆಟ್ನಾಂ ಯುದ್ಧವನ್ನು ಟೀಕಿಸಬಾರದೆಂಬುದು ಇನ್ನೊಂದು. ಎಪ್ಪತ್ತು ದಾಟಿದವರನ್ನು ಕೇಳಿದರೆ ಇಂದಿಗೂ ಶಾಲೆಯಲ್ಲಿ ಕೊಡುತ್ತಿದ್ದ ಕೇರ್ ಸಂಸ್ಥೆಯ ಉಪ್ಪಿಟ್ಟನ್ನೂ ಹಾಲಿನ ಪುಡಿಯನ್ನೂ ಬಾಯಿ ಚಪ್ಪರಿಸಿ ನೆನೆಯುತ್ತಾರೆ. ಮಕ್ಕಳಿಗೆ ಅದು ಯಾವ ಬಣದ ಉಪ್ಪಿಟ್ಟೆಂದು ಹೇಗೆ ತಿಳಿದೀತು? ಮುಂದೆ 1972ರಲ್ಲಿ ರಷ್ಯವೇ ಅಮೆರಿಕದಿಂದ ಹಡಗುಗಟ್ಟಲೆ ಧಾನ್ಯ ಕೊಂಡಿತು. ಮರುವರ್ಷ ನಮಗೆ 20 ಲಕ್ಷ ಟನ್ ಗೋಧಿಯನ್ನು ಕಡವಾಗಿ ಕೊಟ್ಟಿತು.

ಭೂಮಿಯ ಪ್ರಶ್ನೆ ಮಾತ್ರ ಇದ್ದಲ್ಲೇ ಉಳಿಯಿತು. ಪ್ಯಾಕೇಜ್ ಯೋಜನೆಯ ಹಿರಿಯ ಜಿಲ್ಲೆಯಾದ ತಂಜಾವೂರಿನ ಕೀಳ್ವೆಣ್ಮಣಿಯಲ್ಲಿ 1968ರ ಡಿಸೆಂಬರ್ 25ರಂದು, ಕೂಲಿಯ ವ್ಯಾಜ್ಯ ಬೆಳೆದು, 44 ಮಂದಿ ದಲಿತರನ್ನು ಗುಡಿಸಿಲಲ್ಲಿ ಸುಟ್ಟರು. ಗಾಡ್ ಮಹಾಶಯನ ಭಾಷಣ ಮುಗಿದು ಹತ್ತು ತಿಂಗಳೂ ಆಗಿರಲಿಲ್ಲ. ಮಂಡ್ಯದಲ್ಲಿ ಸ್ವಂತ ಹಿಡುವಳಿಯ ಸಣ್ಣ ರೈತರೇ ಹೆಚ್ಚು; ಅಂಥದ್ದು ಇಲ್ಲಿ ನಡೆಯಲಿಲ್ಲ. ಹಾಗೆಂದು ಎಲ್ಲರ ಕಣಜವೂ ತುಂಬಿತೆನ್ನಲಾಗದು. 1950ರ ದಶಕದಲ್ಲಿ ಮಂಡ್ಯದ ಎರಡು ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ಮಾಡಿದ್ದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1970ರಲ್ಲಿ ಮರಳಿ ಬಂದು ನೋಡಿದಾಗ, ಅನುಕೂಲಸ್ಥರಿಗೂ ಕೇರಿಯ ಬಡವರಿಗೂ ನಡುವಿನ ಅಂತರ ಹಿಗ್ಗಿತ್ತು. ನಾಲೆ ಹತ್ತದ ನಾಗಮಂಗಲದ ಹೊಲಗಳಿಗಂತೂ ಗಿಡ್ಡ ಭತ್ತದಿಂದ ಆಗಬೇಕಾದದ್ದೇನೂ ಇರಲಿಲ್ಲ. ಬೀಜವನ್ನು ಒಪ್ಪಿಕೊಂಡ ನಮ್ಮ ಯೋಜನಾಕಾರರು ಅದರ ಜೊತೆಗೆ ಒಂದು ರಾಜಕೀಯವನ್ನೂ ಒಪ್ಪಿಕೊಂಡಿದ್ದರು. ಆ ಮಾತನ್ನು ಅವರು ರೈತನಿಗೆ ಹೇಳಲಿಲ್ಲವೆಂಬುದೇ ನನ್ನ ಆಕ್ಷೇಪ.

1996ರಲ್ಲಿ ವಿ.ಸಿ. ಫಾರಂ ಕೆ.ಆರ್.ಎಚ್. 2 ಎಂಬ ಸಂಕರ ಭತ್ತವನ್ನು ಬಿಡುಗಡೆ ಮಾಡಿತು. ಅದರ ತಂದೆ ಮಂಡ್ಯದ್ದು. ತಾಯಿ ಬಂದದ್ದು ಫಿಲಿಪೀನ್ಸಿನ ಅದೇ ಸಂಸ್ಥೆಯಿಂದ. ಆ ತಾಯಿಯ ಮೂಲವನ್ನು ಹಿಡಿದು ಹೋದರೆ ಸಿಕ್ಕುವುದು ಕಮ್ಯೂನಿಸ್ಟ್ ಚೀನಾದ ಹೈನಾನ್ ದ್ವೀಪದಲ್ಲಿ, ಮಾವೋನ ಸಾಂಸ್ಕೃತಿಕ ಕ್ರಾಂತಿಯ ನಡುವೆ, 1970ರಲ್ಲಿ ಯುವಾನ್ ಲಾಂಗ್‌ಪಿಂಗ್‌ರ ಸಂಗಡಿಗರು ಕಂಡ ಒಂದು ಕಾಡುಭತ್ತದ ಗಿಡ. ಇತ್ತ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಎಂಬ ರೈತರು, ಈ ಎಲ್ಲ ಓಟದಲ್ಲಿ ಹಿಂದೆ ಬಿದ್ದ ನೂರಾರು ನಾಡಭತ್ತಗಳನ್ನು ಕೂಡಿಸಿ, ತಮ್ಮ ಗದ್ದೆಯಲ್ಲಿ ಒಂದೊಂದಕ್ಕೂ ಒಂದೊಂದು ಪಾತಿ ಮಾಡಿ ನಾಟಿ ಹಾಕಿಸುತ್ತಾರೆ.