ಪ್ರಾಣರಕ್ಷಕ ದೋಣಿಗಳ ಸಂಘವೂ ಸರಕಾರದ ಸಹಾಯಧನವೂ

ಸದಸ್ಯರ ವಂತಿಗೆಯಿಂದ ನಡೆಯುವ ಧರ್ಮಸಂಸ್ಥೆಯ ಕೈ ಬರಿದಾದಾಗ ಎಲ್ಲರ ಕಣ್ಣೂ ಮೊದಲು ತಿರುಗುವುದು ಸರಕಾರದ ಬೊಕ್ಕಸದ ಕಡೆಗೆ. ಅಲ್ಲಿಂದ ವರ್ಷವರ್ಷವೂ ಹಣವನ್ನು ಪಡೆಯುತ್ತಿದ್ದು, ಬಳಿಕ ತಾನಾಗಿಯೇ ಬೇಡವೆಂದ ಸಂಸ್ಥೆಗಳು ವಿರಳ. ಬ್ರಿಟನ್ನಿನ ಪ್ರಾಣರಕ್ಷಕ ದೋಣಿಗಳ ಸಂಘವು ಅಂತಹದೊಂದು.

ಸರ್ ವಿಲಿಯಂ ಹಿಲರಿ ಎಂಬಾತನು ಮ್ಯಾನ್ ದ್ವೀಪದ ಡಗ್ಲಸ್ ಪಟ್ಟಣದಲ್ಲಿ ನೆಲಸಿದ್ದನು. ಹಡಗುಗಳು ಬಂಡೆಗೆ ಬಡಿದು ಒಡೆಯುವುದನ್ನು ಕಣ್ಣಾರೆ ಕಂಡ ಈತನು 1823ರಲ್ಲಿ ದೇಶಬಾಂಧವರಿಗೆ ಒಂದು ವಿಜ್ಞಾಪನೆಯನ್ನು ಅಚ್ಚು ಹಾಕಿಸಿದನು. ನೌಕಾಖಾತೆಯವರು ಅದಕ್ಕೆ ಕಿವಿಗೊಡಲಿಲ್ಲ. ಲಂಡನ್ನಿನ ವರ್ತಕರೂ ಪಾರ್ಲಿಮೆಂಟಿನ ಕೆಲವರು ಸದಸ್ಯರೂ ಕಿವಿಗೊಟ್ಟರು. 1824ನೆಯ ಮಾರ್ಚ್ 4ರಂದು ಸಂಘವು ಸ್ಥಾಪಿತವಾಯಿತು. ಮೊದಲ ವರ್ಷದಲ್ಲಿಯೇ ಸುಮಾರು 10,000 ಪೌಂಡು ಕೂಡಿಬಂದಿತು. ಹಿಲರಿಯು ಬರಿಯ ವಿಜ್ಞಾಪನೆಯ ವೀರನಲ್ಲ. 1830ರಲ್ಲಿ, ಅರುವತ್ತರ ಆಸುಪಾಸಿನ ವಯಸ್ಸಿನಲ್ಲಿ, ಈಜಲು ಬಾರದಿದ್ದರೂ ತಾನೇ ದೋಣಿಯನ್ನೇರಿ ಒಡೆದ ಹಡಗಿನವರನ್ನು ದಡಕ್ಕೆ ತಂದನು.

ಆದರೆ ಉತ್ಸಾಹವೂ ಕಡಲಿನ ಭರತದಂತೆಯೇ, ಏರಿದುದು ಇಳಿಯದಿರದು. ಇಪ್ಪತ್ತೈದು ವರ್ಷಗಳಲ್ಲಿ ಸಂಘದ ಆದಾಯವು ವರ್ಷಕ್ಕೆ ಕೆಲವು ನೂರು ಪೌಂಡುಗಳಿಗೆ ಕುಗ್ಗಿತು. ದೋಣಿಗಳು ಕೊಳೆತುವು. ಹಿಲರಿಯು 1847ರಲ್ಲಿ ಬಡತನದಲ್ಲಿಯೇ ತೀರಿಕೊಂಡನು. 1851ರಲ್ಲಿ ನಾರ್ಥಂಬರ್ಲೆಂಡಿನ ಡ್ಯೂಕನು ಅಧ್ಯಕ್ಷನಾಗಿ, ಉತ್ತಮ ದೋಣಿಯ ಮಾದರಿಗೆ 100 ಗಿನಿಗಳ ಬಹುಮಾನವನ್ನು ಸಾರಿದನು. ಮಾದರಿಗಳೇನೋ 280 ಬಂದುವು. ದೋಣಿಗಳನ್ನು ಕಟ್ಟಿಸಿ ನಾವಿಕರನ್ನು ಸಾಕಲು ಹಣವೆಲ್ಲಿ? 1854ರಲ್ಲಿ ಸಂಘವು ಸರಕಾರದಿಂದ ವರ್ಷಕ್ಕೆ 2,000 ಪೌಂಡುಗಳ ಸಹಾಯವನ್ನು ಸ್ವೀಕರಿಸಿತು.

ಹಣದ ಬೆನ್ನಿಗೇ ಇಲಾಖೆಯ ಕಟ್ಟಳೆಗಳೂ ಬರಹದ ಕಾಟವೂ ಬಂದುವು. ಅದಕ್ಕಿಂತಲೂ ಭಾರವಾದ ಅಂಜಿಕೆಯು ಬೇರೊಂದು: ಬೊಕ್ಕಸವೇ ಕೊಡುತ್ತಿರುವಾಗ ತಾವೇಕೆ ಕೊಡಬೇಕೆಂದು ದಾನಿಗಳು ಕೈ ಹಿಂದೆಗೆಯುವುದು. 1869ರಲ್ಲಿ ಸಂಘವು ಸಹಾಯಧನವನ್ನು ಬಿಟ್ಟಿತು. ಇದನ್ನು ಹೆಮ್ಮೆಯ ತ್ಯಾಗವೆಂದು ಕೊಂಡಾಡುವವರುಂಟು. ವಾಸ್ತವವಾಗಿ, ಆ ಹದಿನೈದು ವರ್ಷಗಳ ನೆರವಿಲ್ಲದಿದ್ದರೆ ತ್ಯಾಗಮಾಡಲು ಸಂಘವೇ ಉಳಿದಿರುತ್ತಿತ್ತೋ ಇಲ್ಲವೋ!

ಬಿಟ್ಟ ಮೇಲೆ ಹಾದಿಯು ಸುಗಮವಾಗಲಿಲ್ಲ. 1886ನೆಯ ಡಿಸೆಂಬರ್ 9ರ ರಾತ್ರಿ ಸೌತ್‌ಪೋರ್ಟ್ ಬಳಿ ‘ಮೆಕ್ಸಿಕೋ’ ಎಂಬ ಜರ್ಮನ್ ಹಡಗಿನವರನ್ನುಳಿಸಲು ಹೋದ ಎರಡು ದೋಣಿಗಳು ಮಗುಚಿ, 27 ಮಂದಿ ನಾವಿಕರು ಮಡಿದರು. ಹಡಗಿನ 12 ಮಂದಿಯನ್ನು ಮೂರನೆಯ ದೋಣಿಯೊಂದು ಪಾರುಮಾಡಿತು. ಅಂದು ಅನಾಥವಾದ ಸಂಸಾರಗಳಿಗಾಗಿ ದುಡಿದವರಲ್ಲಿ ಹತ್ತಿ ಗಿರಣಿಯ ಒಡೆಯನಾದ ಚಾರ್ಲ್ಸ್ ಮಕಾರಾ ಒಬ್ಬನು. ಸಂಘದ ಆದಾಯದ ಬಹುಭಾಗವು ಕೆಲವೇ ಶ್ರೀಮಂತರಿಂದ ಬರುತ್ತಿದ್ದುದನ್ನು ಅವನು ಗಮನಿಸಿದನು. ಸಿರಿವಂತನ ಮನಸ್ಸು ತಿರುಗಿದರೆ ದೋಣಿಯ ಗತಿಯೇನು? 1891ರಲ್ಲಿ ಅವನು ಮ್ಯಾಂಚೆಸ್ಟರಿನ ಬೀದಿಗಳಲ್ಲಿ ಪ್ರಾಣರಕ್ಷಕ ದೋಣಿಗಳ ಮೆರವಣಿಗೆಯನ್ನು ಹೊರಡಿಸಿದನು. ಉದ್ದನೆಯ ಕೋಲುಗಳ ತುದಿಗೆ ಚೀಲಗಳನ್ನು ಕಟ್ಟಿ, ಮಹಡಿಯ ಕಿಟಕಿಗಳವರೆಗೂ ಟ್ರಾಮಿನ ಮೇಲಂತಸ್ತಿನವರೆಗೂ ಚಾಚಿದರು. ಕೂಲಿಯವರ ಪೆನ್ನಿಗಳು ಸೇರಿ ಒಂದೇ ದಿನದಲ್ಲಿ 5,000 ಪೌಂಡುಗಳನ್ನು ಮೀರಿದುವು. ಮಕಾರಾನ ಪತ್ನಿ ಮೇರಿಯನ್ ಮಹಿಳೆಯರ ಸಹಾಯಕ ಸಂಘವನ್ನು ಕಟ್ಟಿದಳು.

ಸಂಘದ ಆಡಳಿತವನ್ನು ಕುರಿತು ದೂರುಗಳೂ ಎದ್ದುವು. 1897ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ಅವನ್ನು ವಿಚಾರಿಸಿ, ಸಂಘವನ್ನು ನಿರ್ದೋಷಿಯೆಂದು ಸಾರಿತು. ದೋಣಿಗಳು ಸರಕಾರದ ಕೈಗೆ ಹೋಗದೆ ದಾನಿಗಳ ಸಂಘದಲ್ಲಿಯೇ ಉಳಿದುವು.