ಗೆದ್ದವರ ಮನೆಯ ಬಂದೂಕು

ಕೋಲಾರದ ಮಕ್ಬರಾಕ್ಕೆ ಹೋದಾಗಲೆಲ್ಲ ನನಗೆ ಬಂದೂಕಿನ ನೆನಪಾಗುತ್ತದೆ. ಅಲ್ಲಿ ಮಲಗಿರುವವನು ಹೈದರಾಲಿಯ ತಂದೆ ಫತೇ ಮಹಮ್ಮದ್. ಹೈದರನು ಹುಟ್ಟಿದ ಬೂದಿಕೋಟೆ ಅಲ್ಲಿಗೆ ದೂರವಲ್ಲ. 1768ರಲ್ಲಿ ಅವನು ಇಂಗ್ಲಿಷರೊಡನೆ ಸೆಣಸಿದ್ದು ಮುಳಬಾಗಿಲಿನ ಬಳಿಯಲ್ಲೇ. ಮಗ ಟೀಪು ಶ್ರೀರಂಗಪಟ್ಟಣದಲ್ಲಿ ಬಂದೂಕುಗಳನ್ನು ಮಾಡಿಸಿ, ಅವುಗಳ ಮೇಲೆ ಹುಲಿಯ ಚಿತ್ತಾರ ಬಿಡಿಸಿದ. 1799ರಲ್ಲಿ ಅವನು ಮಡಿದ ಮೇಲೆ ಅವು ಕೊಳ್ಳೆಯಾಗಿ ಇಂಗ್ಲೆಂಡಿಗೆ ಹೋದುವು; ಕೆಲವು ಇಂದಿಗೂ ಅಲ್ಲಿನ ಅರಸುಮನೆತನದ ಸಂಗ್ರಹದಲ್ಲಿವೆ.

ಅಮೆರಿಕದವರು ಇನ್ನೂ ಒಂದು ಹೆಜ್ಜೆ ಮುಂದೆ. 1886ರಲ್ಲಿ ಶರಣಾದ ಅಪಾಚೆ ವೀರ ಜೆರೊನಿಮೊನ ಹೆಸರಿನಲ್ಲಿ ಚಿತ್ತಾರದ ರೈಫಲುಗಳನ್ನು ಹೊಸದಾಗಿಯೇ ಮಾಡಿ ಮಾರಿದರು. ಬದುಕಿದ್ದಾಗ ಆಯುಧ ಕಸಿದುಕೊಂಡವರೇ, ಸತ್ತ ಮೇಲೆ ಆಯುಧದಿಂದಲೇ ಮರ್ಯಾದೆ ಮಾಡುವುದು!

ಕೋಲಾರದ ಗೋರಿಯ ಬಳಿ ಬಂದೂಕಿಲ್ಲ. ಮೊಮ್ಮಗನ ಹುಲಿಯನ್ನು ನೋಡಬೇಕಾದರೆ ನಾವೇ ಸಮುದ್ರ ದಾಟಬೇಕೆ?